ನೀರುಗಂಟಿ ಕಡಲಿಗೆ ಹೋದದ್ದು

ನಮ್ಮ ತಂದೆಯವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನೀರುಗಂಟಿಯಾಗಿದ್ದವರು. ಪಟ್ಟಣವಾಸಿಗಳಾದ ವಾಚಕರಿಗೆ ಈ ಮಾತು ಅಪರಿಚಿತವಾಗಿರಬಹುದು. ನಾಲೆಯ ತೂಬುಗಳನ್ನು ಸರದಿಯ ಮೇಲೆ ತೆರೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂಬುದನ್ನು ನೋಡಿಕೊಳ್ಳುವವನೇ ನೀರುಗಂಟಿ. ನಮ್ಮ ಪಾಂಡವಪುರದ ಸೀಮೆಯಲ್ಲಿ ಅವನ ಮಾತಿಗೆ ಬೇಸಗೆಯ ಬೆಳೆಯ ಕಾಲದಲ್ಲಿ ಇರುವ ಬೆಲೆ ಮಂತ್ರಿಗಳ ಮಾತಿಗೂ ಇರುವುದಿಲ್ಲ. ತಂದೆಯವರು ಕೆಲಸ ಬಿಟ್ಟು ಬಹುಕಾಲವಾಯಿತು. ಆದರೂ ಬೆಳಗ್ಗೆ ಪತ್ರಿಕೆ ಬಂದೊಡನೆ ಅವರು ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು. ನೂರ ಇಪ್ಪತ್ತನಾಲ್ಕು ಅಡಿ ಎಂಬತ್ತು ಸೆಂಟು ತುಂಬಿದ ದಿನ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಕೇಳುತ್ತಾರೆ. ತೊಂಬತ್ತಕ್ಕೆ ಇಳಿದ ದಿನ ಮನೆಯಲ್ಲಿ ಯಾರೂ ಅವರನ್ನು ಮಾತನಾಡಿಸುವುದಿಲ್ಲ.

ಅವರ ಸಿದ್ಧಾಂತ ಒಂದೇ: ಸಮುದ್ರಕ್ಕೆ ಹೋದ ನೀರು ಸತ್ತ ನೀರು. ಕಟ್ಟೆ ತುಂಬಿ ಹೆಚ್ಚಿನ ನೀರನ್ನು ಕೆಳಕ್ಕೆ ಬಿಟ್ಟರೆ, ಶ್ರೀರಂಗಪಟ್ಟಣದ ಸೇತುವೆಯ ಮೇಲೆ ನಿಂತು ಜನ ಆ ವೈಭವವನ್ನು ನೋಡಿ ಹಿಗ್ಗುತ್ತಾರೆ. ನಮ್ಮ ತಂದೆಯವರು ಮಾತ್ರ, ಹಸಿದವರ ಮನೆಯ ಮುಂದೆ ಅನ್ನದ ತಪ್ಪಲೆ ಉರುಳಿದಂತೆ ನೊಂದುಕೊಳ್ಳುತ್ತಾರೆ. ಹೀಗೆ ಜೀವಮಾನವೆಲ್ಲ ಸಮುದ್ರದ ಮೇಲೆ ವ್ಯಾಜ್ಯ ಹೂಡಿದ ಮನುಷ್ಯ ಆ ಪ್ರತಿವಾದಿಯನ್ನು ಒಂದು ದಿನವಾದರೂ ಕಣ್ಣಿಂದ ಕಂಡವರಲ್ಲ.

ಕೃಷ್ಣರಾಜಪೇಟೆಯವರಾದ ನನ್ನ ಸಹೋದ್ಯೋಗಿಯೊಬ್ಬರಿಗೆ ಗಾಳದ ಹುಚ್ಚು. ಮಲ್ಪೆಯಲ್ಲಿ ಒಬ್ಬರು ಹಳೆಯ ತಾಂಡೇಲರಿದ್ದಾರೆಂದೂ, ನಾಲ್ಕೈದು ಜನರನ್ನು ಸಣ್ಣ ದೋಣಿಯಲ್ಲಿ ಕರೆದೊಯ್ದು, ದಡ ಕಾಣದಷ್ಟು ದೂರದಲ್ಲಿ ಗಾಳ ಹಾಕುವುದನ್ನು ಕಲಿಸಿ, ಮಧ್ಯಾಹ್ನದೊಳಗೆ ಹಿಂದಕ್ಕೆ ತಂದುಬಿಡುತ್ತಾರೆಂದೂ ಅವರು ಹೇಳಿದರು. ಮೀನುದೋಣಿಯ ಮುಖ್ಯಸ್ಥನನ್ನು ಕರಾವಳಿಯಲ್ಲಿ ತಾಂಡೇಲ ಎನ್ನುತ್ತಾರೆ. ನಾನು ಹೂಂ ಎಂದೆ. ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದ ತಂದೆಯವರು ತಲೆಯೆತ್ತದೆಯೇ, "ನಾನೂ ಬತ್ತೀನಿ ಕಣ್ಲಾ" ಎಂದರು.

ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ನನ್ನ ಹೆಂಡತಿ ನಾಗಮಂಗಲದವಳು. ನಾಲೆಯಿಲ್ಲದ ಮೇಲುಸೀಮೆಯಲ್ಲಿ, ಕೆರೆ ತುಂಬಿದ್ದನ್ನು ಹಬ್ಬವೆಂದು ಎಣಿಸುವ ಊರಿನಲ್ಲಿ ಬೆಳೆದವಳು. ಎಪ್ಪತ್ತಾರು ವರ್ಷದ ಮಾವನವರನ್ನು ತಳ ಕಾಣದ ನೀರಿನ ಮೇಲೆ ಕರೆದೊಯ್ಯುವುದು ಅವಳಿಗೆ ಸರ್ವಥಾ ಒಪ್ಪಿಗೆಯಾಗಲಿಲ್ಲ. ಶ್ರೀರಂಗಪಟ್ಟಣದಿಂದ ಅಕ್ಕ ದೂರವಾಣಿಯಲ್ಲಿ, "ಪಶ್ಚಿಮವಾಹಿನಿಯಲ್ಲಿ ಮುಳುಗು ಹಾಕೋಕೇ ಕೈ ಹಿಡಕೋಬೇಕು, ಈಗ ಸಮುದ್ರವಂತೆ!" ಎಂದು ರೇಗಿದಳು. ವೈದ್ಯರು ಅಪ್ಪನ ಹೃದಯದ ವಿಷಯದಲ್ಲಿ ಹೇಳಿದ್ದ ಎಚ್ಚರಿಕೆ ನನ್ನ ಮನಸ್ಸಿನಲ್ಲಿಯೂ ಇತ್ತು. ತಂದೆಯವರು ಎಲ್ಲರ ಮಾತನ್ನೂ ಕೇಳಿ, "ಏ ಸುಮ್ಕಿರಿ. ಇಷ್ಟು ವರ್ಸ ನೀರು ಬಿಟ್ಟೋನು, ಅದು ಎಲ್ಲಿಗೋಯ್ತದೆ ಅಂತ ಒಂದ್ಸಲ ನೋಡ್ಬಾರ್ದಾ?" ಎಂದರು. ಈ ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಅವರ ಮಾತಿನಲ್ಲಿ ಭೂಗೋಳದ ದೋಷವಿತ್ತೆಂಬುದು ನನಗೆ ಗೊತ್ತಿತ್ತು. ಕಾವೇರಿ ಸೇರುವುದು ಮೂಡಣ ಕಡಲನ್ನು. ನಾವು ಹೊರಟದ್ದು ಪಡುವಣ ಕಡಲಿಗೆ. ಶ್ರೀರಂಗಪಟ್ಟಣದ ಬಳಿ ಪಶ್ಚಿಮವಾಹಿನಿಯಲ್ಲಿ ನಾಲ್ಕು ಹೆಜ್ಜೆ ಪಶ್ಚಿಮಕ್ಕೆ ತಿರುಗುವ ನದಿ ಮತ್ತೆ ಮನಸ್ಸು ಬದಲಾಯಿಸಿ ಪೂರ್ವಕ್ಕೇ ಹರಿಯುತ್ತದೆ. ಹೊರಡುವ ಉತ್ಸಾಹದಲ್ಲಿದ್ದ ಮುದುಕರಿಗೆ ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ.

ಜನವರಿಯ ಒಂದು ಬೆಳಗ್ಗೆ ಮೋಟಾರಿನಲ್ಲಿ ಹೊರಟೆವು. ಕೃಷ್ಣರಾಜಪೇಟೆಯಲ್ಲಿ ಸಹೋದ್ಯೋಗಿಗಳನ್ನು ಕೂರಿಸಿಕೊಂಡು ಕಿಕ್ಕೇರಿಯ ಮಾರ್ಗವಾಗಿ ಚನ್ನರಾಯಪಟ್ಟಣ, ಹಾಸನಗಳನ್ನು ದಾಟಿದೆವು. ಕಿಕ್ಕೇರಿ ಕೆ. ಎಸ್. ನರಸಿಂಹಸ್ವಾಮಿಯವರ ಹುಟ್ಟೂರು, ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳು ಎ. ಎನ್. ಮೂರ್ತಿರಾಯರದು. ಕನ್ನಡ ಎಂ.ಎ. ಮಾಡಿದವನು ಆ ದಾರಿಯಲ್ಲಿ ಎರಡು ಮಾತಾಡದೆ ಹೋಗುವುದುಂಟೆ? ನಾನು ಮಾತಾಡಿದೆ, ಹಿಂದಿನ ಆಸನದಲ್ಲಿ ಇಬ್ಬರೂ ನಿದ್ರೆ ಹೋದರು.

ತಂದೆಯವರು ಎಚ್ಚೆತ್ತದ್ದು ಸಕಲೇಶಪುರದ ಸೇತುವೆಯ ಮೇಲೆ. ಕೆಳಗೆ ಹೇಮಾವತಿ. "ಇದು ನಮ್ಮದೇ ನೀರು" ಎಂದು ಅವರು ನೆಟ್ಟಗೆ ಕುಳಿತರು. ನಿಜ. ಆ ನೀರು ಗೊರೂರಿನ ಅಣೆಕಟ್ಟನ್ನು ಹಾದು, ಅಕ್ಕಿಹೆಬ್ಬಾಳಿನ ಪಕ್ಕದಲ್ಲಿ ಹರಿದು, ಕನ್ನಂಬಾಡಿಯ ಹಿನ್ನೀರನ್ನು ಸೇರಿ, ಕೊನೆಗೆ ನಮ್ಮೂರ ತೂಬಿಗೆ ಬರುವಂಥದು. ಆದರೆ ಅಲ್ಲಿಂದ ಸ್ವಲ್ಪ ದೂರದಲ್ಲಿ ಶಿರಾಡಿಯ ಇಳಿಜಾರು ಮೊದಲಾಗುತ್ತಲೇ ನೀರಿನ ಮುಖ ತಿರುಗುತ್ತದೆ. ಕೆಂಪುಹೊಳೆ ರಸ್ತೆಯ ಪಕ್ಕದಲ್ಲಿ ಪಶ್ಚಿಮಕ್ಕೆ ಧಾವಿಸುತ್ತಿತ್ತು. ಒಂದೇ ಬೆಟ್ಟಸಾಲಿನ ಮೇಲೆ ಬಿದ್ದ ಮಳೆ ಈ ಕಡೆಗೆ ಜಾರಿದರೆ ಮೂಡಣ ಕಡಲು, ಆ ಕಡೆಗೆ ಜಾರಿದರೆ ಪಡುವಣ ಕಡಲು. ಈಗ ಅದನ್ನೂ ತಿರುಗಿಸುವ ಕೆಲಸ ನಡೆದಿದೆ. ಪಡುವಣಕ್ಕೆ ಹರಿಯುವ ತೊರೆಗಳ ಇಪ್ಪತ್ತನಾಲ್ಕು ಟಿ.ಎಂ.ಸಿ. ನೀರನ್ನು ಮೇಲಕ್ಕೆತ್ತಿ ಬಯಲುಸೀಮೆಗೆ ಸಾಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಇದನ್ನು ಕೇಳಿ ತಂದೆಯವರು, "ಸರಿಯಾದ ಕೆಲ್ಸ. ಸುಮ್ನೆ ಸಮುದ್ರಕ್ಕೆ ಸುರ್ಕೊಂಡು ಏನ್ಮಾಡೋದು?" ಎಂದು ತೀರ್ಪು ಕೊಟ್ಟರು.

ಮಲ್ಪೆ ಕರ್ಣಾಟಕದ ಅತಿ ದೊಡ್ಡ ಮೀನುಗಾರಿಕೆಯ ಬಂದರು. ಮಾರನೆಯ ದಿನ ಬೆಳಗಾಗುವ ಮುನ್ನವೇ ಅಲ್ಲಿಗೆ ಹೋದೆವು. ಒಂದಕ್ಕೊಂದು ಒತ್ತಿ ನಿಂತ ನೂರಾರು ಬೋಟುಗಳು, ಮಂಜುಗಡ್ಡೆ ಪುಡಿಮಾಡುವ ಸದ್ದು, ಬುಟ್ಟಿಗಳ ಸುತ್ತ ಗಟ್ಟಿಗಂಟಲಿನಲ್ಲಿ ಬೆಲೆ ಕೂಗುವ ಹೆಂಗಸರು. ವಾಸನೆಯ ವಿಷಯವನ್ನು ಬರೆಯುವುದಿಲ್ಲ. ಅರ್ಧ ಗಂಟೆಯಲ್ಲಿ ಮೂಗು ತಾನಾಗಿ ಸೋತುಹೋಯಿತು. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ, ಕಾಣೆ ಎಂದು ಸಹೋದ್ಯೋಗಿಗಳು ಹೆಸರು ಹೇಳುತ್ತ ಹೋದರು. ತಂದೆಯವರು ಒಂದೊಂದು ರಾಶಿಯ ಮುಂದೆಯೂ ನಿಂತು, ರೈತ ಭತ್ತದ ರಾಶಿಯನ್ನು ನೋಡುವಂತೆ ಕಣ್ಣಳತೆ ಮಾಡಿದರು.

ತಾಂಡೇಲರು ಐವತ್ತರ ಆಸುಪಾಸಿನ ಮೊಗವೀರರು. ಕರಿಬಂಡೆಯಂತಹ ದೇಹ, ಮೆಲುದನಿ. ನಮ್ಮೆಲ್ಲರಿಗೂ ಕಿತ್ತಳೆ ಬಣ್ಣದ ಜೀವರಕ್ಷಕ ಅಂಗಿ ತೊಡಿಸಿದರು. ತಂದೆಯವರದನ್ನು ತಾವೇ ಬಿಗಿದು, "ಅಜ್ಜ, ದೋಣಿಯಲ್ಲಿ ಇರುವವರೆಗೆ ಇದನ್ನು ಬಿಚ್ಚಲಿಕ್ಕೆ ಇಲ್ಲ, ಆಯ್ತಾ?" ಎಂದರು. ತಂದೆಯವರು ಚೀಲದಿಂದ ಬಾಳೆಯೆಲೆಯ ಒಂದು ಪೊಟ್ಟಣ ತೆಗೆದರು. ಒಳಗೆ ಗಟ್ಟಿಯಾಗಿ ತಿರುವಿದ ರಾಗಿಮುದ್ದೆ!

ಅದು ಬುತ್ತಿಯಲ್ಲ, ಎರೆ. ಕಾವೇರಿಯಲ್ಲಿ ದೊಡ್ಡ ಮಹಶೀರ್ ಮೀನನ್ನು, ನಮ್ಮ ಕಡೆಯ ಬಿಳಿಮೀನನ್ನು, ಹಿಡಿಯಲು ಗಾಳಕ್ಕೆ ರಾಗಿಹಿಟ್ಟಿನ ಉಂಡೆಯನ್ನೇ ಸಿಕ್ಕಿಸುತ್ತಿದ್ದರು. ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯ ಮೀನು ಶಿಬಿರಕ್ಕೆ ದೇಶಾಂತರಗಳಿಂದ ಬರುತ್ತಿದ್ದ ಗಾಳಗಾರರಿಗೂ ನಮ್ಮ ಮುದ್ದೆಯೇ ಗತಿಯಾಗಿತ್ತು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮಹಶೀರು ನೂರ ಇಪ್ಪತ್ತು ಪೌಂಡು ತೂಗಿತು. ಆ ಡುಬ್ಬಬೆನ್ನಿನ ಮಹಶೀರಿಗೆ ವಿಜ್ಞಾನಿಗಳು ಖಚಿತವಾಗಿ ಹೆಸರಿಟ್ಟದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೂ ಸೇರಿತು. ಅಭಯಾರಣ್ಯದೊಳಗಿನ ಆ ಶಿಬಿರಗಳಲ್ಲಿ ಗಾಳದಾಟ ನಿಂತೂ ಹತ್ತು ವರ್ಷಗಳ ಮೇಲಾಯಿತು.

ತಾಂಡೇಲರು ಮುದ್ದೆಯನ್ನು ಮೂಸಿ ನೋಡಿ ನಕ್ಕರು. "ನಮ್ಮ ಕಡಲಿನ ಮೀನಿಗೆ ಮುದ್ದೆ ಉಂಡು ಅಭ್ಯಾಸ ಇಲ್ಲ ಮಾರಾಯ್ರೆ. ಸಿಗಡಿಯೋ ಬೂತಾಯಿ ತುಂಡೋ ಆಗಬೇಕು." ಆದರೆ ಪೊಟ್ಟಣವನ್ನು ಎಸೆಯದೆ ನೆರಳಿನಲ್ಲಿ ಇರಿಸಿದರು.

ಬಂದರಿನ ಬಾಯಿ ದಾಟಿದಾಗ ಗಾಳಿ ನಮ್ಮ ಬೆನ್ನ ಹಿಂದಿನಿಂದ, ದಡದ ಕಡೆಯಿಂದ, ತಣ್ಣಗೆ ಬೀಸುತ್ತಿತ್ತು. ರಾತ್ರಿ ನೆಲ ಬೇಗ ತಣಿಯುತ್ತದೆ, ನೀರು ತಣಿಯುವುದಿಲ್ಲ. ಆದ್ದರಿಂದ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಹೊತ್ತೇರಿದ ಮೇಲೆ ಕಡಲಿನಿಂದ ನೆಲಕ್ಕೆ ತಿರುಗುತ್ತದೆ. ಹಾಯಿಯ ಕಾಲದಲ್ಲಿ ಈ ಗಾಳಿಯಲ್ಲಿ ಹೋಗಿ ಆ ಗಾಳಿಯಲ್ಲಿ ಮರಳುತ್ತಿದ್ದರಂತೆ. ಬಲಗಡೆಗೆ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಕಂಡವು. ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ನಮ್ಮ ನೆಲದಿಂದ ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಕರಗುಗಲ್ಲು ಆರುವಾಗ ಹೀಗೆ ಆರು ಮೂಲೆಯ ಕಂಬಗಳಾಗಿ ಒಡೆದುಕೊಂಡಿತು. ನಾವು ಅಲ್ಲಿ ಇಳಿಯಲಿಲ್ಲ.

ಪ್ರತಿವರ್ಷವೂ ನಾನು ತರಗತಿಯಲ್ಲಿ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳನ್ನು ಪಾಠ ಹೇಳುತ್ತೇನೆ. ಅದರಲ್ಲಿ ಸಮುದ್ರವರ್ಣನೆಯೂ ಒಂದು. ತೆರೆ, ನೊರೆ, ಮುತ್ತು, ಹವಳ, ಮಕರ ಎಲ್ಲವೂ ಅದರಲ್ಲಿ ಉಂಟು. ದೋಣಿ ನಿಂತಲ್ಲಿಯೇ ಮೇಲಕ್ಕೂ ಕೆಳಕ್ಕೂ ಪಕ್ಕಕ್ಕೂ ತೂಗಲು ಮೊದಲಾದರೆ ಹೊಟ್ಟೆಯೊಳಗೆ ಏನಾಗುತ್ತದೆಂಬುದನ್ನು ಮಾತ್ರ ಯಾವ ಕವಿಯೂ ವರ್ಣಿಸಿದಂತಿಲ್ಲ. ಹೆಂಡತಿ ತಂದೆಯವರಿಗಾಗಿ ಕಟ್ಟಿಕೊಟ್ಟಿದ್ದ ನಿಂಬೆಹಣ್ಣುಗಳನ್ನೆಲ್ಲ ನಾನೇ ಖರ್ಚು ಮಾಡಿದೆ. "ದಡ ನೋಡಿ, ಮೇಷ್ಟ್ರೇ. ದೂರದ್ದನ್ನು ನೋಡಿದರೆ ತಲೆ ತಿರುಗುವುದಿಲ್ಲ" ಎಂದರು ತಾಂಡೇಲರು. ದಡ ಆಗಲೇ ಒಂದು ಗೆರೆಯಾಗಿತ್ತು. ಅದರ ಹಿಂದೆ ಘಟ್ಟದ ನೀಲಿ ಸಾಲು. ಕುದುರೆಯ ಮೋರೆಯಂತಹ ಒಂದು ಶಿಖರ. ಕುದುರೆಮುಖವೆಂಬ ಹೆಸರು ಬಂದದ್ದು ಏಕೆಂಬುದು ಕಡಲಿನಿಂದ ನೋಡಿದಾಗ ತಿಳಿಯುತ್ತದೆ. ದಕ್ಷಿಣಕ್ಕೆ 1901ರಷ್ಟು ಹಳೆಯದಾದ ಕಾಪುವಿನ ದೀಪಸ್ತಂಭ ಬೆರಳಿನಷ್ಟು ಕಂಡಿತು. ಹಿಂದೆಲ್ಲ ಇಂಥ ಗುರುತುಗಳನ್ನು ಒಂದಕ್ಕೊಂದು ಕೂಡಿಸಿ, ನೀರಿನಡಿಯ ಬಂಡೆ ಎಲ್ಲಿದೆಯೆಂದು ಹೇಳುತ್ತಿದ್ದರಂತೆ. ಈಗ ಉಪಗ್ರಹದಿಂದ ದಿಕ್ಕು ತಿಳಿಸುವ ಯಂತ್ರವಿದೆ. ಆದರೂ ತಾಂಡೇಲರ ಕಣ್ಣು ಯಂತ್ರಕ್ಕಿಂತ ಹೆಚ್ಚಾಗಿ ಬೆಟ್ಟದ ಮೇಲೆಯೇ ಇತ್ತು.

"ಇಲ್ಲಿ ಹದಿನಾಲ್ಕು ಮಾರು" ಎಂದು ಅವರು ಯಂತ್ರ ನಿಲ್ಲಿಸಿದರು. ಕೋಲಿಗೆ ರಾಟೆ ಕಟ್ಟಿದ ಹೊಸ ಬಗೆಯ ಗಾಳಗಳು ನಮಗಿಬ್ಬರಿಗೆ. ತಂದೆಯವರು ಮಾತ್ರ ಕೈದಾರವನ್ನೇ ಕೇಳಿ ತೆಗೆದುಕೊಂಡರು. ಸೀಸದ ಗುಂಡು ತಳ ಮುಟ್ಟಿದ ಕೂಡಲೆ ದಾರ ಸಡಿಲವಾಗುತ್ತದೆ. ಆಗ ಅರ್ಧ ಮಾರಿನಷ್ಟು ಮೇಲಕ್ಕೆಳೆದು, ತೋರುಬೆರಳ ಮೇಲೆ ದಾರವಿಟ್ಟು ಕಾಯಬೇಕು. ಮೀನು ಮುಟ್ಟಿದರೆ ಬೆರಳಿಗೆ ಗೊತ್ತಾಗುತ್ತದೆ. ಮೊದಲ ಮುಟ್ಟಿಗೇ ಎಳೆಯಬಾರದು. ಇಷ್ಟೇ ಪಾಠ. ಇಷ್ಟನ್ನು ಎರಡು ಸ್ನಾತಕೋತ್ತರ ಪದವೀಧರರು ಕಲಿಯಲು ಒಂದು ಗಂಟೆ ಹಿಡಿಯಿತು. ಅಷ್ಟರಲ್ಲಿ ಮೀನುಗಳು ನನ್ನ ಗಾಳದ ಸಿಗಡಿಯನ್ನು ಒಂಬತ್ತು ಸಲ ಬಿಡಿಸಿಕೊಂಡು ತಿಂದಿದ್ದವು.

ತಂದೆಯವರು ದಾರ ಹಿಡಿದು ಸುತ್ತಲೂ ನೋಡಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು:

"ಅಲ್ಲಪ್ಪಾ, ಇಲ್ಲಿ ನೀರು ಏರೋದು ಇಳಿಯೋದು ಐತಂತಲ್ಲ, ಅದ್ಕೆ ಯಾರು ಜವಾಬ್ದಾರಿ?"

"ಚಂದ್ರ, ಅಜ್ಜ. ದಿನಕ್ಕೆ ಎರಡು ಸಲ ಏರಿಸ್ತಾನೆ, ಎರಡು ಸಲ ಇಳಿಸ್ತಾನೆ."

"ಸರದಿ ತಪ್ಸಾಕಿಲ್ವಾ?"

"ಇಲ್ಲ."

"ಒಳ್ಳೇ ಆಳು" ಎಂದು ತಂದೆಯವರು ತಲೆದೂಗಿದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ ಅವರ ಹಳೆಯ ವ್ಯಾಜ್ಯ ಮೇಲೆದ್ದಿತು. "ಇಷ್ಟೊಂದು ನೀರಿದ್ರೂ ಒಂದು ಗುಂಟೆ ಗದ್ದೆಗೆ ಆಗಾಕಿಲ್ವಲ್ಲ! ಒಳೆ ನೀರೆಲ್ಲ ಇಲ್ಲಿಗೆ ಬಂದು ಹಾಳಾಯ್ತದೆ."

ಎರೆ ಕತ್ತರಿಸುತ್ತಿದ್ದ ತಾಂಡೇಲರ ಚಾಕು ನಿಂತಿತು. "ಹಾಳಾಗುವುದು ಎಂಥದ್ದು ಅಜ್ಜ? ಹೊಳೆ ನೀರು ಬಾರದಿದ್ದರೆ ನಮಗೆ ಮೀನು ಎಲ್ಲಿಂದ? ಸಿಗಡಿ ಮೊಟ್ಟೆ ಇಡುವುದು ಕಡಲಿನಲ್ಲಿ. ಮರಿ ಬೆಳೆಯಲಿಕ್ಕೆ ಅಳಿವೆಗೆ ಹೋಗುತ್ತದೆ. ಸಿಹಿನೀರು ಉಪ್ಪುನೀರು ಕೂಡುವ ಜಾಗ ಅದಕ್ಕೆ ತೊಟ್ಟಿಲು ಇದ್ದ ಹಾಗೆ. ದೊಡ್ಡದಾದ ಮೇಲೆ ತಿರುಗಿ ಇಲ್ಲಿಗೆ. ಸ್ವರ್ಣೆ, ಸೀತೆ ಎರಡು ಹೊಳೆಯೂ ಅಲ್ಲಿ ಕೋಡಿಬೆಂಗ್ರೆಯಲ್ಲಿ ಕಡಲಿಗೆ ಬೀಳುತ್ತವೆ. ಮಳೆಗಾಲದಲ್ಲಿ ಕೆಂಪು ನೀರು ಬಂದ ವರ್ಷ ನಮಗೆ ಬೆಳೆ. ಹೊಳೆ ಬತ್ತಿದರೆ ನಿಮಗೆ ಗದ್ದೆ ಒಣಗಿದ ಹಾಗೆ ನಮಗೆ ಕಡಲು ಒಣಗುತ್ತದೆ."

ಕೋಪದ ಮಾತಲ್ಲ, ಆದರೆ ನಗುವೂ ಇರಲಿಲ್ಲ. ನನಗೆ ಮುಜುಗರವಾಯಿತು. ನಮ್ಮ ಮಂಡ್ಯದ ಸೀಮೆಯಲ್ಲಿ ಈ ಮಾತನ್ನು ಯಾರೂ ತಂದೆಯವರ ಎದುರಿಗೆ ಆಡಿದ್ದಿಲ್ಲ. ಅವರೂ ಆಡಿಸಿಕೊಂಡವರಲ್ಲ. ತಮ್ಮ ಸೇವೆಯ ಅಷ್ಟೂ ವರ್ಷ, ಕಟ್ಟೆಯ ಕೆಳಗೆ ಹೋದ ಪ್ರತಿಯೊಂದು ಹನಿಯನ್ನೂ ಕಳೆದುಹೋದ ಗಂಟೆಂದು ಲೆಕ್ಕ ಬರೆದವರು ಅವರು. ಉತ್ತರ ಹೇಳಲಿಲ್ಲ. ದಾರವನ್ನೇ ನೋಡುತ್ತ ಕುಳಿತರು.

ಊರಿಗೆ ಬಂದ ಮೇಲೆ ಜೀವಶಾಸ್ತ್ರದ ಅಧ್ಯಾಪಕರನ್ನು ಕೇಳಿದೆ. ತಾಂಡೇಲರ ಮಾತು ದಿಟ, ಆದರೆ ಪೂರ್ತಿಯಲ್ಲ ಎಂದರು. ಈ ಕರಾವಳಿಯಲ್ಲಿ ಮಳೆಗಾಲದ ಗಾಳಿಗೆ ಆಳದ ತಣ್ಣೀರು ಮೇಲಕ್ಕೆ ಬಂದು, ತಳದ ಸಾರವನ್ನೂ ಜೊತೆಗೆ ತರುತ್ತದೆ. ಬಂಗುಡೆ ಬೂತಾಯಿಗಳ ಸಮೃದ್ಧಿಗೆ ಅದು ದೊಡ್ಡ ಕಾರಣ. ಅಳಿವೆಯ ವಿಷಯದಲ್ಲಿ ಮಾತ್ರ ಅವರ ಮಾತಿಗೆ ತಿದ್ದುಪಡಿ ಬೇಕಿಲ್ಲವಂತೆ. ಇನ್ನು ನಮ್ಮ ತಂದೆಯವರ ಲೆಕ್ಕದಲ್ಲಿಯೂ ಒಂದು ತಪ್ಪಿತ್ತು. ಕನ್ನಂಬಾಡಿಯಿಂದ ಕೆಳಕ್ಕೆ ಬಿಟ್ಟ ನೀರು ನೆಟ್ಟಗೆ ಸಮುದ್ರಕ್ಕೆ ಹೋಗುವುದಿಲ್ಲ. ಕನ್ನಂಬಾಡಿ ಮುಗಿದದ್ದು 1932ರಲ್ಲಿ. ಅದರ ಕೆಳಗಿನ ಮೆಟ್ಟೂರು 1934ರಲ್ಲಿ. ಅಲ್ಲಿಂದ ಮುಂದೆ ತಂಜಾವೂರಿನ ಗದ್ದೆಗಳು. ಅಲ್ಲಿಯೂ ನೀರುಗಂಟಿಗಳಿದ್ದಾರೆ. ಎಲ್ಲರೂ ಹಿಡಿದು ಉಳಿದದ್ದು ಕಡಲಿಗೆ.

ಮತ್ತೆ ದೋಣಿಗೆ ಬರೋಣ. ತಂದೆಯವರ ಬೆರಳು ಅಲುಗಿತು. ಅವರು ಎಳೆಯಲಿಲ್ಲ. ಇನ್ನೊಮ್ಮೆ ಅಲುಗಿತು, ಆಗಲೂ ಎಳೆಯಲಿಲ್ಲ. ಮೂರನೆಯ ಸಲ ದಾರ ಬಿಗಿದದ್ದೇ ತಡ, ತೂಬಿನ ಹಲಗೆ ಎತ್ತುವವರಂತೆ ಎದ್ದುನಿಂತು ಎರಡು ಕೈಯಿಂದಲೂ ಸೇದತೊಡಗಿದರು. ಆ ಕ್ಷಣದಲ್ಲಿಯೇ ಒಂದು ದೊಡ್ಡ ತೆರೆ ದೋಣಿಯನ್ನು ಓರೆಮಾಡಿತು. ತಂದೆಯವರ ಕಾಲು ಜಾರಿತು. ಸೊಂಟದವರೆಗೆ ದೋಣಿಯ ಅಂಚಿನ ಹೊರಕ್ಕೆ ವಾಲಿದರು. ನಾನು ಕೂಗಿದೆನೇ ಹೊರತು ಕುಳಿತಲ್ಲಿಂದ ಏಳಲಾಗಲಿಲ್ಲ. ತಾಂಡೇಲರು ಒಂದೇ ನೆಗೆತಕ್ಕೆ ಬಂದು ಅವರ ಸೊಂಟವನ್ನು ತಬ್ಬಿ ಹಿಂದಕ್ಕೆಳೆದು ಕೂರಿಸಿದರು. "ದಾರ ಬಿಡಿ ಅಜ್ಜ, ದಾರ ಬಿಡಿ!"

ಅಜ್ಜ ಬಿಡಲಿಲ್ಲ. ಬೆರಳಿನ ಚರ್ಮ ಕೊಯ್ದು ರಕ್ತ ಬರುತ್ತಿತ್ತು. ಕುಳಿತುಕೊಂಡೇ, ಏದುಸಿರು ಬಿಡುತ್ತ, ಹದಿನಾಲ್ಕು ಮಾರನ್ನೂ ಸೇದಿದರು. ತಾಂಡೇಲರು ಒಂದು ಕೈಯಿಂದ ಅವರ ಭುಜವನ್ನು ಹಿಡಿದೇ ಇದ್ದರು. ಬಂಡೆಯ ಸಂದಿಯಲ್ಲಿರುವ, ಕಂದುಮೈಯ, ದಪ್ಪತುಟಿಯ ಒಂದು ಮುರುಮೀನು ಮೇಲೆ ಬಂತು. ಎರಡು ಸೇರಿನಷ್ಟು ತೂಕವಿತ್ತೇನೋ. ನನ್ನ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು. ಹೆಂಡತಿಗೂ ಅಕ್ಕನಿಗೂ ಏನು ಉತ್ತರ ಹೇಳಬೇಕಾಗಿತ್ತೆಂಬ ಯೋಚನೆಯಿಂದ ಕೈ ನಡುಗುತ್ತಿತ್ತು. ತಂದೆಯವರು ಮಾತ್ರ ಮೀನನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೂ ಅಳ್ವೇಲಿ ಬೆಳ್ದಿದ್ದಾ?" ಎಂದು ಕೇಳಿದರು.

"ಕೆಲವು ಬೆಳೀತವೆ ಅಜ್ಜ" ಎಂದರು ತಾಂಡೇಲರು, ಅವರ ಬೆರಳಿಗೆ ಬಟ್ಟೆ ಸುತ್ತುತ್ತ.

ಸಹೋದ್ಯೋಗಿಗಳಿಗೆ ನಾಲ್ಕು ಬಂಗುಡೆ ಸಿಕ್ಕವು. ನನಗೆ ಸಿಕ್ಕಿದ್ದು ಗೇಣುದ್ದದ ಒಂದು ಮರಿ. ತಾಂಡೇಲರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಗಾಳ ಬಿಡಿಸಿ, ಕೇಳದೆಯೇ ನೀರಿಗೆ ಬಿಟ್ಟರು. ಜೂನ್ ಮತ್ತು ಜುಲೈ ಅರುವತ್ತೊಂದು ದಿನ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಮಾಡುವ ಕಾಲ. ಆದರೆ ಉಳಿದ ಹತ್ತು ತಿಂಗಳಲ್ಲಿ ಮರಿಯನ್ನೂ ಬಿಡದೆ ಬಾಚಿದರೆ ಆ ರಜೆಯಿಂದ ಏನು ಬಂತು ಎಂಬುದು ಅವರ ಅಳಲು. ಅವರ ತಂದೆ ರಂಪಣಿಯ ಕಾಲದವರು. ಬಲು ದೊಡ್ಡ ಬಲೆಯನ್ನು ದೋಣಿಯಲ್ಲಿ ಅರ್ಧಚಂದ್ರಾಕಾರವಾಗಿ ಇಳಿಸಿ, ದಡದಲ್ಲಿ ಎರಡು ತುದಿಗಳಿಗೂ ಊರಿನ ಜನ ನಿಂತು ಎಳೆಯುತ್ತಿದ್ದರು. ಬಂದದ್ದು ಅಷ್ಟೂ ಮನೆಗಳಿಗೆ ಪಾಲು. ಎಪ್ಪತ್ತರ ದಶಕದ ನಡುವೆ ಪರ್ಸೀನ್ ಬಲೆಯ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಕಡಲಿನಲ್ಲಿಯೇ ಸುತ್ತುವರಿಯುವ ಬಲೆ ಅದು. ರಂಪಣಿ ಹೋಯಿತು. "ಮೇಲಿನ ತೂಬಿನವ ಪೂರಾ ತಕ್ಕೊಂಡ್ರೆ ಕೆಳಗಿನವನಿಗೆ ಎಂಥ ಉಂಟು?" ಎಂದರು ತಾಂಡೇಲರು. ಈ ಮಾತು ತಂದೆಯವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಗಾಳಿ ತಿರುಗಿತು, ನಾವೂ ತಿರುಗಿದೆವು. ಬಂದರಿನ ಬಾಯಿಯಲ್ಲಿ ಒಂದು ಬೋಟು ಮಂಜುಗಡ್ಡೆ ತುಂಬಿಕೊಂಡು ಹೊರಕ್ಕೆ ಹೋಗುತ್ತಿತ್ತು. ತಾಂಡೇಲರು ಕೈಯೆತ್ತಿದರು, ಆ ಬೋಟಿನವರೂ ಎತ್ತಿದರು. 2018ರ ಡಿಸೆಂಬರ್ 13ರಂದು 'ಸುವರ್ಣ ತ್ರಿಭುಜ'ವೆಂಬ ಬೋಟು ಏಳು ಜನರೊಡನೆ ಇದೇ ಬಾಯಿಯಿಂದ ಹೊರಟಿತ್ತು. ಎರಡು ದಿನದ ಮೇಲೆ ಅದರ ಸುದ್ದಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ನೌಕಾಪಡೆಯವರಿಗೆ ಮಹಾರಾಷ್ಟ್ರದ ಮಾಲ್ವಣದ ಕಡಲಿನ ತಳದಲ್ಲಿ ಬೋಟಿನ ಅವಶೇಷ ಸಿಕ್ಕಿತು, ಜನ ಸಿಗಲಿಲ್ಲ. ಅಂದಿನಿಂದ ಹೋಗುವ ಬೋಟು ಕಂಡರೆ ಕೈಯೆತ್ತದೆ ಇರಲಾಗುವುದಿಲ್ಲ ಎಂದರು.

ದಡದಲ್ಲಿ ತಂದೆಯವರು ಮುರುಮೀನನ್ನು ತಾಂಡೇಲರ ಮನೆಗೆಂದು ಕೊಟ್ಟರು. ಅವರು ಒಪ್ಪದೆ, ಕೊನೆಗೆ ಅಲ್ಲಿಯೇ ಅವರ ಮನೆಯಲ್ಲಿ ಅಡಿಗೆಯಾಯಿತು. ಕುಚ್ಚಲಕ್ಕಿ ಅನ್ನದ ಪಕ್ಕಕ್ಕೆ ತಂದೆಯವರು ಬಾಳೆಯೆಲೆಯ ಪೊಟ್ಟಣ ಬಿಚ್ಚಿದರು. ಎರೆಯಾಗದೆ ಉಳಿದ ಮುದ್ದೆಯನ್ನು ಮೀನಿನ ಸಾರಿಗೆ ಅದ್ದಿ, ಅಗಿಯದೆ ನುಂಗುವುದು ಹೇಗೆಂದು ತಾಂಡೇಲರಿಗೆ ತೋರಿಸಿಕೊಟ್ಟರು. ಈ ಸಲ ಪಾಠ ಕಲಿಯಲು ಕಷ್ಟಪಟ್ಟವರು ಅವರು.

ಮರಳಿ ಬರುವಾಗ ಸಕಲೇಶಪುರದ ಸೇತುವೆಯ ಬಳಿ ಮೋಟಾರು ನಿಲ್ಲಿಸಬೇಕೆಂದರು. ಇಳಿದುಹೋಗಿ ಹೇಮಾವತಿಯಲ್ಲಿ ಕೈಯ ಉಪ್ಪನ್ನು ತೊಳೆದು ಬಂದರು. ಆಗ ನಾನು, ನಮ್ಮ ನೀರು ಸೇರುವ ಕಡಲು ಅದಲ್ಲವೆಂಬ ಸತ್ಯವನ್ನು ಅಂಜುತ್ತಂಜುತ್ತ ಹೇಳಿದೆ. "ನಂಗೊತ್ತು ಕಣ್ಲಾ, ಸೂರ್ಯ ಅಲ್ಲಿ ಮುಳುಗ್ತಿದ್ದ" ಎಂದರು. ಕೃಷ್ಣರಾಜಪೇಟೆ ಬರುವವರೆಗೂ ಬೇರೆ ಮಾತಿಲ್ಲ. ಊರು ಹತ್ತಿರವಾದಾಗ, ಕಾವೇರಿಯ ಅಳಿವೆ ಎಲ್ಲಿದೆ, ಅಲ್ಲಿ ಈಗ ಸಿಗಡಿ ಬೆಳೆಯುತ್ತದೆಯೆ ಎಂದು ಕೇಳಿದರು. ಪೂಂಪುಹಾರಿನಲ್ಲಿದೆ ಎಂದೆ, ಎರಡನೆಯದಕ್ಕೆ ನೋಡಿ ಹೇಳಬೇಕು ಎಂದೆ. ಮೈಸೂರಿನಿಂದ ಮಯಿಲಾಡುತುರೈ ಮಾರ್ಗವಾಗಿ ಹೋಗುವ ರೈಲಿನ ವೇಳಾಪಟ್ಟಿಯನ್ನು ಅವರು ಆಗಲೇ ಪಕ್ಕದ ಮನೆಯ ಹುಡುಗನಿಂದ ಬರೆಸಿಕೊಂಡಿದ್ದಾರೆ. ನನ್ನ ಹೆಂಡತಿಗೆ ಇದು ಇನ್ನೂ ತಿಳಿದಿಲ್ಲ.